ಬೆರಳಿಗೆ ಒಪ್ಪಿದ ನಟ್ಟು

ಲೇಥ್ ಕೆಲಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಅಜ್ಜಾರ, ಥ್ರೆಡ್ ಕತ್ತರಿಸೂದು ಭಾಳ ಕಠಿಣ ಐತೇನ್ರಿ?" ಕಠಿಣವಲ್ಲ. ಬೋಲ್ಟಿನ ಮೈಮೇಲೆ ಸುತ್ತಿ ಹೋಗುವ ಆ ಹಲ್ಲನ್ನು ಲೇಥ್ ಮಶಿನ್ನೇ ಕತ್ತರಿಸುತ್ತದೆ. ಎಷ್ಟು ಕತ್ತರಿಸಬೇಕು ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸ. ಆ ಲೆಕ್ಕದಲ್ಲೇ ನನ್ನ ಕೂದಲು ನರೆಯಿತು. ಆದರೂ ಜೀವಮಾನದ ಅತಿ ಕಷ್ಟದ ಲೆಕ್ಕ ಬಂದದ್ದು ಅಂಗಡಿ ಮುಚ್ಚಿ, ಲೇಥಿನ ಮೇಲೆ ಹಳೆಯ ಸೀರೆ ಹೊದಿಸಿದ ಮೇಲೆ. ಅದು ನನ್ನ ಹೆಂಡತಿ ದಾವಲಬಿಯ ಬಲಗೈಯ ಲೆಕ್ಕ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಈ ಕೆಲಸ ಎಂಥದ್ದೆಂದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ಒಂದು ನಟ್ಟಿಗಾಗಿ ಈ ಮುದುಕ ಯಾಕಿಷ್ಟು ಒದ್ದಾಡಿದ ಎಂದು ನಕ್ಕುಬಿಡುತ್ತೀರಿ.

ನಾವು ನದಾಫರು. ನಮ್ಮ ಅಜ್ಜ ಗದಗಿನ ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ ಹಿಂಜಿ ಗಾದಿ ಮಾಡಿಕೊಡುತ್ತಿದ್ದ. ಅಪ್ಪನದೂ ಅದೇ ಉದ್ಯೋಗ. ನನಗೆ ಮಾತ್ರ ಹತ್ತಿಯ ಧೂಳು ಆಗಿಬರಲಿಲ್ಲ, ಸದಾ ಕೆಮ್ಮು. ಅಪ್ಪ ಬೇಸತ್ತು ಬೆಟಗೇರಿಯ ರುದ್ರಪ್ಪ ಮೇಸ್ತ್ರಿಯ ವರ್ಕ್‌ಶಾಪಿಗೆ ಕರೆತಂದ. "ಇವಂಗ ಹತ್ತಿ ಒಲ್ಲೆಂತೈತಿ ಮೇಸ್ತ್ರಿ, ಕಬ್ಬಣರ ಕಲಸ್ರಿ" ಎಂದ. ಮೇಸ್ತ್ರಿ ನನ್ನ ಬೆರಳು ಒತ್ತಿ ನೋಡಿ, "ಬೆರಳ ಮೆತ್ತಗ ಅದಾವ, ನಡೀತೈತಿ" ಎಂದು ಒಳಗೆ ಬಿಟ್ಟುಕೊಂಡ. ಕಬ್ಬಿಣದ ಕೆಲಸಕ್ಕೆ ಮೆತ್ತಗಿನ ಬೆರಳು ಯಾಕೆ ಎಂಬುದು ನನಗೆ ಆಗ ತಿಳಿಯಲಿಲ್ಲ.

ಬಹಳ ಸಿಟ್ಟಿನ ಮನುಷ್ಯ ಆತ. ನಾವು ಮಾಡಿದ ಬೋಲ್ಟಿಗೆ ನಟ್ಟು ಹಾಕಿ, ಕಣ್ಣು ಮುಚ್ಚಿ, ಎರಡೇ ಬೆರಳಿನಲ್ಲಿ ತಿರುವುತ್ತಿದ್ದ. ಒಪ್ಪಿದರೆ ಏನೂ ಅನ್ನುತ್ತಿರಲಿಲ್ಲ. ಒಪ್ಪದಿದ್ದರೆ ನಟ್ಟು ಸೀದಾ ಗೋಡೆಗೆ. ಆ ಗೋಡೆಯ ಗಿಲಾವು ಉದುರಿ ಇಟ್ಟಿಗೆ ಕಾಣುತ್ತಿತ್ತು. "ನಟ್ಟು ಬೋಲ್ಟು ಅಂದ್ರ ಗಂಡ ಹೆಂಡ್ತಿ ಇದ್ದಂಗಲೇ ಮಾಬು. ಭಾಳ ಬಿಗಿ ಹಿಡದ್ರ ಸಿಕ್ಕೊಂತಾವು, ಭಾಳ ಸಡ್ಲ ಬಿಟ್ರ ಉದುರ್ತಾವು" ಎಂದು ಉಪದೇಶ ಬೇರೆ. ಸ್ವತಃ ಮದುವೆಯನ್ನೇ ಆಗದ ಮನುಷ್ಯ! ನಾವು ತಿರುಗಿ ನಿಂತು ನಗುತ್ತಿದ್ದೆವು.

ಥ್ರೆಡ್ಡಿಗೆ ಮುಖ್ಯವಾಗಿ ಮೂರು ಅಳತೆ. ಹೊರಗಿನ ದಪ್ಪ ಎಷ್ಟು, ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ದೂರ ಎಷ್ಟು, ಹಲ್ಲಿನ ಆಳ ಎಷ್ಟು. ದಪ್ಪವನ್ನು ವರ್ನಿಯರ್ ಹೇಳುತ್ತದೆ. ಹಲ್ಲಿನ ದೂರ ತಿಳಿಯಲು ಗೇಜ್ ಸಿಗದಿದ್ದರೆ ಬೋಲ್ಟಿಗೆ ಮಸಿ ಹಚ್ಚಿ ಹಾಳೆಯ ಮೇಲೆ ಉರುಳಿಸಿ ಗೆರೆ ಎಣಿಸುತ್ತಿದ್ದೆವು. ಒಂದೇ ಸಂದು ಅಳೆಯಬೇಡಿ, ಹತ್ತು ಸಂದು ಅಳೆದು ಭಾಗಿಸಿ. ತಪ್ಪು ಹತ್ತರಲ್ಲಿ ಒಂದಾಗುತ್ತದೆ. ಈ ಬುದ್ಧಿಯನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಮೇಸ್ತ್ರಿ ನಟ್ಟು ಒಗೆದು ಕಲಿಸಿದ.

ನಾನು ಕೆಲಸ ಕಲಿಯುವ ಕಾಲಕ್ಕೆ ಇಂಚಿನ ಬೋಲ್ಟುಗಳ ನಡುವೆ ಮಿಲಿಮೀಟರಿನವು ಬಂದು ಸೇರಿಕೊಂಡಿದ್ದವು. ಎರಡೂ ನೋಡಲು ಒಂದೇ ತಾಯಿಯ ಮಕ್ಕಳಂತೆ. ಒಮ್ಮೆ ಲಕ್ಕುಂಡಿಯಲ್ಲಿ ಒಬ್ಬರ ಬಾವಿಯ ಪಂಪು ಕಟ್ಟಲು ಮೇಸ್ತ್ರಿ ನನ್ನನ್ನು ಒಬ್ಬನನ್ನೇ ಕಳಿಸಿದ. ಪಂಪಿನ ತೂತು ಇಂಚಿನ ಲೆಕ್ಕದ್ದು, ನಾನು ಒಯ್ದ ಬೋಲ್ಟು ಎಂಟು ಮಿಲಿಮೀಟರಿನದು. ಎರಡು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಮೂರನೆಯ ಸುತ್ತಿಗೆ ಹಠ ಹಿಡಿಯಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಹರೆಯದ ಹುಮ್ಮಸ್ಸು ನೋಡಿ, ಬೋಲ್ಟು ಬಿಗಿಸುವ ಪಾನಾ ಹಾಕಿ ಮೈಮೇಲೆ ಬಿದ್ದು ತಿರುವಿದೆ. ಟಕ್ ಎಂದು ಪಂಪಿನ ಕಿವಿಯೇ ಮುರಿಯಿತು.

ಮೇಸ್ತ್ರಿ ಬಸ್ಸು ಹಿಡಿದು ಬಂದ. ಬೈಯುತ್ತಾನೆಂದು ಅಂಜಿದ್ದೆ. ಆತ ಬಾವಿಯ ಕಟ್ಟೆಯ ಮೇಲೆ ಕೂತು ಮುರಿದ ತುಂಡನ್ನು ಕೈಯಲ್ಲಿ ಹಿಡಿದು, "ಎರಡ ಸುತ್ತ ಹೋತು ಅಂದ್ರ ಕೂಡ್ತು ಅಂತಲ್ಲಲೇ. ಮೂರನೇ ಸುತ್ತಿಗೆ ಅದು ಮಾತಾಡ್ತೈತಿ. ಕೇಳಾಕ ಕಲಿ" ಎಂದ. ಅಷ್ಟೇ. ಪಂಪನ್ನು ಆತನೇ ರಿಪೇರಿ ಮಾಡಿಕೊಟ್ಟ. ಆ ದಿನದಿಂದ ಬೋಲ್ಟು ಬೆರಳಿನಲ್ಲೇ ತಿರುಗಿ ಒಳಗೆ ಹೋಗುವ ತನಕ ನಾನು ಪಾನಾ ಮುಟ್ಟಿದವನಲ್ಲ.

ಮದುವೆಯಾದ ಮೇಲೆ ಮನೆಯಲ್ಲೇ ಲೇಥ್ ಹಾಕಿಕೊಂಡೆ. ಮೊದಲು ನೇಕಾರರು ಇದ್ದ ಮನೆ ಅದು. ಮುಂದಿನ ಕೋಣೆಯಲ್ಲಿ ಮಗ್ಗದ ಕುಣಿ ಇತ್ತು. ಅದನ್ನೇ ಕಲ್ಲು ಸಿಮೆಂಟು ಹಾಕಿ ತುಂಬಿ, ಅದರ ಮೇಲೆ ಹಳೆಯ ಲೇಥ್ ಕೂಡಿಸಿದೆ. ದಾವಲಬಿ ಅಂತೂರ ಬೆಂತೂರಿನ ರೈತರ ಮನೆಯ ಮಗಳು. ಕಬ್ಬಿಣದ ಸಿಪ್ಪೆ ಅಡಿಗೆಮನೆಯ ತನಕ ಹಾರಿ ಬರುವುದನ್ನು ಕಂಡು ಮೊದಲ ವಾರವೇ ಅಂದಳು: "ಇದೇನ್ ಮನೀನೋ ಕಮ್ಮಾರ ಸಾಲಿನೋ? ರೊಟ್ಯಾಗ ಸಿಪ್ಪಿ ಸಿಕ್ರ ನನಗ ಅನ್ನಬ್ಯಾಡ್ರಿ." ರೊಟ್ಟಿಯಲ್ಲಿ ಯಾವತ್ತೂ ಸಿಕ್ಕಲಿಲ್ಲ. ಅವಳೇ ಲೇಥಿಗೂ ಒಲೆಗೂ ನಡುವೆ ಗೋಣಿತಾಟಿನ ಪರದೆ ಕಟ್ಟಿದಳು.

ಅವಳು ಕೆಲಸದೊಳಗೆ ಬಂದದ್ದು ಮುಂಡರಗಿಯ ಒಂದು ಹಿಟ್ಟಿನ ಗಿರಣಿಯ ದೆಸೆಯಿಂದ. ಗಿರಣಿಯ ಎರಡು ಕಲ್ಲುಗಳ ನಡುವಿನ ಸಂದನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಸವೆದು ನುಣ್ಣಗಾಗಿ ಹೋಗಿತ್ತು. ಗಿರಣಿಯ ಮಾಲಕ ಬಸವಣ್ಣೆಪ್ಪ ತಿರುಪು ಕೂಡುವ ಬೀಡುಕಬ್ಬಿಣದ ತುಂಡನ್ನು ಚೀಲದಲ್ಲಿ ಹೊತ್ತು ತಂದಿದ್ದ. ಅದರ ತೂತಿನ ಒಳಗಿನ ಹಲ್ಲು ಇನ್ನೂ ಚೆನ್ನಾಗಿದ್ದವು. ಆದರೆ ತೂತಿನೊಳಗೆ ನನ್ನ ಗೇಜು ಹೋಗುತ್ತಿರಲಿಲ್ಲ. ಒಳಗಿನ ಹಲ್ಲಿನ ಅಚ್ಚು ತೆಗೆಯಬೇಕು. ನನಗೊಂದು ಉಪಾಯ ಹೊಳೆಯಿತು. ಅಡಿಗೆಮನೆಗೆ ಹೋಗಿ ಚಪಾತಿಗೆ ನಾದಿಟ್ಟ ಹಿಟ್ಟಿನಲ್ಲಿ ಒಂದು ಉಂಡೆ ಕದ್ದು ತಂದು, ತೂತಿಗೆ ಎಣ್ಣೆ ಹಚ್ಚಿ, ಒತ್ತಿ ತೆಗೆದೆ. ಹಲ್ಲು ಮೂಡಿದ್ದವು. ಅಳೆದರೆ ಇಂಚಿಗೆ ಹನ್ನೊಂದು. ಹನ್ನೊಂದರ ಲೆಕ್ಕಕ್ಕೆ ತಿರುಪು ಕತ್ತರಿಸಿದೆ. ಹಾಕಿ ನೋಡಿದರೆ ಎರಡು ಸುತ್ತು ಹೋಗಿ ನಿಂತಿತು. ಲಕ್ಕುಂಡಿಯ ಪಂಪು ನೆನಪಾಗಿ ಕೈ ಹಿಂದಕ್ಕೆ ತೆಗೆದೆ.

ಬಸವಣ್ಣೆಪ್ಪ ಕಟ್ಟೆಯ ಮೇಲೆ ಚಡಪಡಿಸುತ್ತಿದ್ದ. "ಮಾಬುಸಾಬ್ರ, ಊರ ಮಂದಿ ಕಾಳ ಇಟಗೊಂಡ ಪಾಳಿ ಹಚ್ಯಾರ್ರಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಚಹಾ ತಂದ ದಾವಲಬಿ ಮೇಜಿನ ಮೇಲಿನ ಹಿಟ್ಟಿನ ತುಂಡು ನೋಡಿದಳು.

"ಇದೇನ್ರಿ ಇದು?"

"ಅಳತಿ ತಗೊಂಡೇನಿ. ಯಾಕೋ ತಪ್ಪಾಕತ್ತೈತಿ."

"ಚಪಾತಿ ಹಿಟ್ನ್ಯಾಗ?" ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. "ಗೋದಿ ಹಿಟ್ಟು ಎಳದ್ರ ಬರ್ತೈತಿ, ಬಿಟ್ರ ಹಿಂದ ಹೊಕ್ಕೈತಿ. ದಿನಾ ಲಟ್ಟಸಾಕಿ ನಾನು, ನನಗ ಗೊತ್ತಿಲ್ಲೇನು? ಜ್ವಾಳದ ಹಿಟ್ಟು ತಗೋರಿ. ಅದಕ ಎಳತ ಇಲ್ಲ. ಒತ್ತಿದಂಗ ಕುಂಡ್ರತೈತಿ."

ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಿ, ಕುದಿಯುವ ಎಸರು ಹಾಕಿ, ಜಿಗಿ ಬರುವ ಹಾಗೆ ತಾನೇ ನಾದಿದಳು. ತಾನೇ ಬೆರಳಿನಿಂದ ತೂತಿನ ಒಳಗೋಡೆಗೆ ಒತ್ತಿ, ಅಲುಗಾಡಿಸದೆ ಬಿಡಿಸಿದಳು. ಒಣಗುವ ಮೊದಲೇ ಅಳೆದೆ. ಇಂಚಿಗೆ ಹತ್ತು ಹಲ್ಲು. ಗೋಧಿ ಹಿಟ್ಟು ಹಿಂದಕ್ಕೆ ಸರಿದು ಹತ್ತನ್ನು ಹನ್ನೊಂದು ಮಾಡಿತ್ತು! ಎರಡನೆಯ ತಿರುಪು ಬೆರಳಿನಲ್ಲೇ ತಿರುಗಿ ಒಳಗೆ ಹೋಯಿತು. ಬಸವಣ್ಣೆಪ್ಪ ನನಗೆ ಕೈ ಮುಗಿಯಲಿಲ್ಲ, ಪರದೆಯ ಆಚೆಗೆ ಕೈ ಮುಗಿದು ಹೋದ.

ಅಲ್ಲಿಂದ ಮುಂದೆ ನಮ್ಮ ಮನೆಯ ಪದ್ಧತಿಯೇ ಬೇರೆಯಾಯಿತು. ಒಳಗಿನ ಥ್ರೆಡ್ ಬಂದರೆ ಅವಳದು ಹಿಟ್ಟು, ನನ್ನದು ಅಳತೆ. ಕತ್ತರಿಸಿ ಮುಗಿದ ಮೇಲೆ ನಟ್ಟು ಬೋಲ್ಟು ಎರಡೂ ಪರದೆಯ ಆಚೆಗೆ ಹೋಗುತ್ತಿದ್ದವು. ಅವಳು ಒಲೆಯ ಮುಂದೆ ಕೂತಲ್ಲೇ, ಬೆಂಕಿಯನ್ನು ನೋಡುತ್ತಲೇ, ಬಲಗೈಯ ಎರಡು ಬೆರಳಿನಲ್ಲಿ ತಿರುವಿ, "ಬಿಗಿ ಐತಿ" ಅಥವಾ "ಸಡ್ಲ ಐತಿ" ಅಥವಾ "ಆತು" ಅನ್ನುತ್ತಿದ್ದಳು. ದಿನಾ ರೊಟ್ಟಿ ಬಡಿಯುವ ಬೆರಳು ಅವು. ರೊಟ್ಟಿಯ ಅಂಚು ಎಲ್ಲಿ ಒಂದು ಎಳೆ ದಪ್ಪ ಉಳಿದಿದೆ ಎಂದು ತಿಳಿಯುವವಳಿಗೆ ನಟ್ಟು ಯಾವ ಮಹಾ. ಒಂದು ಹಾಳೆಯಷ್ಟು ಸಂದು ಹೆಚ್ಚಾದರೂ ಸಿಕ್ಕಿಬೀಳುತ್ತಿದ್ದೆ. ರುದ್ರಪ್ಪ ಮೇಸ್ತ್ರಿ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ ಇದನ್ನು ನೋಡಿ, "ಲೇ ಮಾಬು, ನಿನಗ ಕಲಸೂದ ಬಿಟ್ಟು ಈ ಯವ್ವಗ ಕಲಸಿದ್ರ ಗ್ವಾಡಿನರ ಉಳೀತಿತ್ತಲೇ" ಎಂದ.

ಒಂದು ಸಲ ಅವಳೊಡನೆ ಜಗಳವೂ ಆಯಿತು. ಲಕ್ಷ್ಮೇಶ್ವರದ ನೀಲವ್ವ ಎಂಬಾಕೆ ಶಾವಿಗೆ ಒತ್ತುವ ಹಿತ್ತಾಳೆಯ ಮಶಿನ್ನಿಗೆ ಹೊಸ ತಿರುಪು ಬೇಕೆಂದು ತಂದಳು. ನಾನು ಒಂದಿಷ್ಟೂ ಅಲುಗಾಡದ ಹಾಗೆ ಮಾಡಿಕೊಟ್ಟೆ, ಅಷ್ಟು ಚೆಂದದ ಕೆಲಸ ಮಾಡಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ. ದಾವಲಬಿ ತಿರುವಿ ನೋಡಿ, "ಬಿಗಿ ಐತಿ" ಎಂದಳು.

"ಲೆಕ್ಕಾಚಾರಕ್ಕ ಬರೋಬ್ಬರಿ ಐತಿ" ಎಂದೆ ನಾನು.

"ಲೆಕ್ಕಕ್ಕ ಬರೋಬ್ಬರಿ ಇರಬೇಕು. ಆದ್ರ ಇದನ್ನ ತಿರುವಾಕಿ ನೀಲವ್ವ, ನೀವಲ್ಲ. ಇದರಾಗ ಹಿಟ್ಟು ಹೊಕ್ಕೈತಿ, ಕೈಗೆ ಎಣ್ಣಿ ಇರ್ತೈತಿ. ನೀವು ಒಂದ ಸೇರ ಶಾವಿಗಿ ಒತ್ತಿ ತೋರಸ್ರಿ ನೋಡೂಣು."

ಹಠಕ್ಕೆ ಬಿದ್ದು ಒತ್ತಲು ಕೂತೆ. ಅರ್ಧಕ್ಕೇ ತೋಳು ಬಿದ್ದುಹೋಯಿತು. ನೀಲವ್ವ ಮುಖ ಆಚೆ ತಿರುಗಿಸಿದಳು, ಪಾಪ, ನನ್ನ ಮರ್ಯಾದೆ ಉಳಿಸಲು. ಹಲ್ಲಿನ ಸಂದನ್ನು ಒಂದು ಕೂದಲಷ್ಟು ಅಗಲ ಮಾಡಿಕೊಟ್ಟೆ. ತಿರುಪು ಎಷ್ಟು ಸಡಿಲ ಇರಬೇಕು ಎನ್ನುವುದನ್ನು ಪುಸ್ತಕದ ಕೋಷ್ಟಕ ಅರ್ಧ ಹೇಳುತ್ತದೆ, ಉಳಿದರ್ಧ ಅದನ್ನು ತಿರುವುವ ಕೈ ಯಾರದು ಎನ್ನುವುದರ ಮೇಲಿದೆ. ಮಕ್ಕಳೇ, ನೀವು ಎಂಥ ಕಂಪ್ಯೂಟರ್ ಲೇಥಿನ ಮುಂದೆ ನಿಂತರೂ ಆ ಕೈಯನ್ನು ಒಮ್ಮೆ ಕೇಳಿಕೊಳ್ಳಿ.

ಆಮೇಲೆ ಕಾಲ ಬದಲಾಯಿತು. ಎಲ್ಲ ಅಳತೆಯ ಬೋಲ್ಟುಗಳೂ ಗದಗಿನ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಸಿಗತೊಡಗಿದವು. ಗಂಟೆಗಟ್ಟಲೆ ಹಾಕುತ್ತಿದ್ದ ಲೆಕ್ಕವನ್ನು ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ನನಗೇನೂ ದುಃಖವಿಲ್ಲ. ಮಸಿ ಹಚ್ಚಿ ಬೋಲ್ಟು ಉರುಳಿಸುವುದರಲ್ಲಿ ಅಂಥ ಪುಣ್ಯವೇನಿರಲಿಲ್ಲ. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೆ ಲೇಥ್ ನಿಲ್ಲಿಸಿದೆ. ದಾವಲಬಿ ತನ್ನ ಹಳೆಯ ಇಳಕಲ್ ಸೀರೆ ಹೊದಿಸಿ, ಅದರ ಮೇಲೆ ಮೊರದಲ್ಲಿ ಮೆಣಸಿನಕಾಯಿ ಇಡಲು ಶುರು ಮಾಡಿದಳು.

ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಡುವೆಯೇ ನಿಂತಿತು. ನಾನು ಪರದೆ ಸರಿಸಿ ನೋಡಿದಾಗ ಗೋಡೆಗೆ ಒರಗಿ ಕೂತಿದ್ದಳು, ಬಲಗೈ ಹಿಟ್ಟಿನೊಳಗೇ ಬಿದ್ದಿತ್ತು. ಎಡಗೈಯಿಂದ ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದಳು. ಮಾತು ತೊದಲುತ್ತಿತ್ತು.  ಓಣಿಯವರು ಆಟೋ ತಂದರು, ಗದಗಿನ ಆಸ್ಪತ್ರೆಗೆ ಸೇರಿಸಿದೆವು. ಬಲಮಗ್ಗುಲಿಗೆ ಲಕ್ವಾ ಹೊಡೆದಿದೆ ಎಂದರು. ದೇವರು ದೊಡ್ಡವನು, ಜೀವ ಉಳಿಯಿತು. ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ಮರಳಲಿಲ್ಲ.

ಕೈಗೆ ವ್ಯಾಯಾಮ ಮಾಡಿಸಲು ಶಿರಹಟ್ಟಿಯ ಕಡೆಯ ಸುಜಾತಾ ಎಂಬ ಹುಡುಗಿ ಮನೆಗೆ ಬರುತ್ತಿದ್ದಳು. ಅವಳು ಮೊದಲ ದಿನವೇ ನನ್ನನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದಳು: "ದೊಡ್ಡಪ್ಪಾರ, ಬೆರಳ ಆಡ್ಸೂದು ಬರಬಹುದ್ರಿ. ಆದ್ರ ಮುಟ್ಟಿದ್ದು ತಿಳಿಯೂದು ಐತಲ್ಲ, ಅದು ಬರ್ತೈತೋ ಇಲ್ಲೋ ಈಗ ಹೇಳಾಕ ಆಗಂಗಿಲ್ಲ." ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ದಾವಲಬಿಯ ಬೆರಳಿಗೆ ಏನೂ ತಿಳಿಯುವುದಿಲ್ಲ ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಚುಕಲು ಒಂದು ಮೆತ್ತಗಿನ ಚೆಂಡು ಕೊಟ್ಟರು. ಎರಡು ದಿನ ಹಿಚುಕಿ ಮೂಲೆಗೆ ಒಗೆದಳು. "ನಾ ಏನ್ ಕೂಸೇನು, ಚಂಡಾಟ ಆಡಾಕ? ಏನರ ಕೆಲಸಾ ಕೊಡ್ರಿ" ಎಂದಳು. ಸುಜಾತಾ ನಕ್ಕು, "ಮೊದಲ ಮಾಡ್ತಿದ್ದ ಕೆಲಸ ಏನೈತಿ ದೊಡ್ಡವ್ವ, ಅದನ್ನ ಮಾಡ್ರಿ" ಎಂದಳು. ನನಗೆ ತಟ್ಟನೆ ಹೊಳೆಯಿತು. ಟ್ರಂಕಿನಿಂದ ಅರ್ಧ ಇಂಚಿನ ಬೋಲ್ಟು ನಟ್ಟು ತೆಗೆದುಕೊಟ್ಟೆ. ನಟ್ಟು ಅವಳ ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. ಬಿದ್ದದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ, ಸದ್ದು ಕೇಳಿ ಕೆಳಗೆ ನೋಡುತ್ತಿದ್ದಳು. ಆಮೇಲೆ ನೋಡುವುದನ್ನೂ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ತಪ್ಪು ಅವಳ ಕೈಯದಲ್ಲ, ಅಳತೆಯದು ಎಂದುಕೊಂಡೆ. ನೀಲವ್ವನ ಶಾವಿಗೆ ಮಶಿನ್ ನೆನಪಾಯಿತು. ಮೆಣಸಿನಕಾಯಿಯ ಮೊರ ಇಳಿಸಿ, ಇಳಕಲ್ ಸೀರೆ ಮಡಿಸಿಟ್ಟು, ಲೇಥಿಗೆ ಎಣ್ಣೆ ಬಿಟ್ಟೆ.

ಜೀವನವಿಡೀ ನಾನು ಸಡಿಲು ಕಡಿಮೆ ಮಾಡಲು ಲೆಕ್ಕ ಹಾಕಿದವನು. ಈಗ ಎಷ್ಟು ಸಡಿಲು ಬಿಡಬೇಕು ಎಂದು ಲೆಕ್ಕ ಹಾಕಲು ಕೂತೆ. ಅಲ್ಯುಮಿನಿಯಂ ತೆಗೆದುಕೊಂಡೆ, ಹಗುರ ಇರಲಿ ಎಂದು. ಒಂದೂವರೆ ಇಂಚು ದಪ್ಪ. ಚೂಪು ಹಲ್ಲು ಬೇಡ, ಚೌಕ ಹಲ್ಲು, ಇಂಚಿಗೆ ನಾಲ್ಕೇ. ಚೌಕ ಹಲ್ಲಿನ ಆಳ ಹಲ್ಲಿನ ದೂರದ ಅರ್ಧ, ಅಂದರೆ ಇಂಚಿನ ಎಂಟನೆಯ ಒಂದು ಭಾಗ. ಆದರೆ ಬರೀ ಸಡಿಲ ಬಿಟ್ಟರೆ ನಟ್ಟು ವಾಲಿ ಸಿಕ್ಕಿಕೊಳ್ಳುತ್ತದೆ. ವಾಲದಿರಬೇಕಾದರೆ ನಟ್ಟು ಉದ್ದ ಇರಬೇಕು. ಉದ್ದವಾದರೆ ತೂಕ. ಅಳೆದು ಸುರಿದು, ಭೂತಗನ್ನಡಿ ಹಿಡಿದು ವರ್ನಿಯರ್ ಓದಿ, ಎರಡು ನಟ್ಟು ಕೆಡಿಸಿ ಮೂರನೆಯದನ್ನು ಮುಗಿಸಿದೆ. ಹೊರಮೈಗೆ ಗೀರು ಹಾಕಿದೆ, ಬೆರಳು ಜಾರಬಾರದೆಂದು. ಅಂಚನ್ನೆಲ್ಲ ಉಜ್ಜಿ ಉಜ್ಜಿ ಮೊಂಡು ಮಾಡಿದೆ. ಕೈ ಕೊಯ್ದರೂ ಅವಳಿಗೆ ಗೊತ್ತಾಗುವುದಿಲ್ಲವಲ್ಲ ಎಂಬ ಅಂಜಿಕೆ.

ಅವಳು ಅದನ್ನು ನೋಡಿ, "ಇದೇನ್ರಿ, ಆನಿ ನಟ್ಟೇನು?" ಎಂದಳು. ಆದರೂ ತೊಡೆಯ ಮೇಲೆ ಇಟ್ಟುಕೊಂಡಳು. ಅಂಗೈಯಿಂದ ಒರೆಸಿದ ಹಾಗೆ ತಳ್ಳಿದರೆ ಸಾಕು, ನಟ್ಟು ಅಷ್ಟಿಷ್ಟು ತಿರುಗುತ್ತಿತ್ತು. ಅದು ತಿರುಗಿತು ಎಂಬುದೇ ಅವಳಿಗೆ ಹುರುಪಾಯಿತು. "ಎಷ್ಟ ತಿರುವಿದ್ರೂ ಎಲ್ಲಿಗೂ ಹೋಗೂದಿಲ್ಲಲಾ ಇದು" ಎಂದು ಬೈಯುತ್ತಲೇ ಮೇಲೇರಿಸುತ್ತಿದ್ದಳು, ಇಳಿಸುತ್ತಿದ್ದಳು. ಅದು ಸಲೀಸಾದ ಮೇಲೆ ಒಂದು ಇಂಚಿನದು ಮಾಡಿಕೊಟ್ಟೆ. ಆಮೇಲೆ ಮುಕ್ಕಾಲು ಇಂಚಿನದು, ಹಿತ್ತಾಳೆಯದು. ಪ್ರತಿಯೊಂದರಲ್ಲೂ ಬೇಕೆಂದೇ ಸಂದು ಬಿಟ್ಟಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ. ಬೆರಳು ಆಡತೊಡಗಿದವು, ಸುಜಾತಾ ಖುಷಿಪಟ್ಟಳು. ಆದರೆ ನಾನು ನೋಡುತ್ತಿದ್ದುದೇ ಬೇರೆ. ದಾವಲಬಿ ಕಣ್ಣು ಕೀಲಿಸಿಯೇ ನಟ್ಟು ತಿರುವುತ್ತಿದ್ದಳು. ಬೆಂಕಿಯನ್ನು ನೋಡುತ್ತ ನಟ್ಟು ತಿರುವಿದವಳು ಅವಳು. ಕಣ್ಣು ತೆಗೆದರೆ ಕೈ ನಿಲ್ಲುತ್ತಿತ್ತು. ಏನಾದರೂ ತಿಳಿಯುತ್ತದೆಯೇ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಇಲ್ಲ ಎಂದುಬಿಟ್ಟರೆ?

ಒಂದು ಸಂಜೆ ಹಿತ್ತಾಳೆಯ ನಟ್ಟು ಬೋಲ್ಟು ಹಿಡಿದು ಹೊಸ್ತಿಲ ಬಳಿ ಕೂತಿದ್ದಳು. ಪಕ್ಕದ ಮನೆಯ ಕಾಶವ್ವ ಬಂದು ಎದುರಿಗೆ ಕೂತು ಸೊಸೆಯ ಮೇಲೆ ದೂರು ಬಿಚ್ಚಿದ್ದಳು. ಕಾಶವ್ವನ ದೂರು ಅಂದರೆ ಹನುಮಂತನ ಬಾಲ. ದಾವಲಬಿ ಅವಳ ಮುಖವನ್ನೇ ನೋಡುತ್ತ "ಹೌದವ್ವ, ಹೌದು" ಅನ್ನುತ್ತಿದ್ದಳು. ನಾನು ಒಳಗೆ ಲೇಥಿನ ಸಿಪ್ಪೆ ಗುಡಿಸುತ್ತಿದ್ದೆ. ಮಾತಿನ ನಡುವೆಯೇ ನನ್ನ ಕಡೆ ಕೂಗಿದಳು.

"ಏನ್ರಿ, ಇದು ಸಡ್ಲ ಐತಲ್ರಿ."

ಕಸಬರಿಗೆ ಕೈಯಲ್ಲೇ ಉಳಿಯಿತು. ಹೊರಗೆ ಬಂದು, ಸರಿಯಾಗಿ ಕೇಳಿಸದವನಂತೆ, "ಏನಂದಿ?" ಎಂದೆ.

"ಸಡ್ಲ ಐತಿ ಅಂದೆ. ಗಡಗಡ ಅಲ್ಲಾಡ್ತೈತಿ. ಇಂಥಾ ಕೆಲಸಾ ಮಾಡೂದು ಯಾವಾಗ ಕಲತ್ರಿ? ರುದ್ರಪ್ಪ ಮೇಸ್ತ್ರಿ ಇದ್ದಿದ್ರ ಗ್ವಾಡಿಗಿ ಒಗೀತಿದ್ದ."

"ಎಷ್ಟ ಸಡ್ಲ ಐತಿ, ನೋಡಿ ಹೇಳು."

ಅವಳು ನೋಡಲಿಲ್ಲ. ಕಣ್ಣು ಮುಚ್ಚಿ, ಬಲಗೈಯ ಎರಡು ಬೆರಳಿನಲ್ಲಿ ನಟ್ಟನ್ನು ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಳು. "ಒಂದ ಹಾಳಿ ಅಲ್ಲ. ಎರಡ ಹಾಳಿಯಷ್ಟು ಐತಿ" ಎಂದಳು.

ಎರಡು ಹಾಳೆಯಷ್ಟೇ ಬಿಟ್ಟಿದ್ದೆ. ಇಷ್ಟು ವರ್ಷದಲ್ಲಿ ಸಡಿಲಾಗಿದೆ ಎಂದು ಯಾರು ಕೆಲಸ ವಾಪಸ್ ತಂದರೂ ನಾನು ವಾದಕ್ಕೆ ನಿಂತವನೇ. ಅವತ್ತು ಮಾತ್ರ ಹೊಸ್ತಿಲಲ್ಲೇ ಅವಳ ಪಕ್ಕ ಕೂತು, ನಟ್ಟಿನ ಸಮೇತ ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಶವ್ವ ಸೊಸೆಯ ಮಾತು ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದಳು.

"ಬಿಡ್ರಿ, ಮಂದಿ ನೋಡಾಕತ್ತಾರ" ಎಂದಳು ದಾವಲಬಿ. ಆಮೇಲೆ ಸಣ್ಣ ದನಿಯಲ್ಲಿ, "ಭಾಳ ಬಿಗಿ ಹಿಡದೀರಿ" ಎಂದಳು.

ನಾನು ಬಿಡಲಿಲ್ಲ.